ಸರ್ ರೊನಾಲ್ಡ್ ರಾಸ್ ಮತ್ತು ಬೆಂಗಳೂರು ದಂಡು

ವಿಜ್ಞಾನಿಗಳ ಜೀವನಚರಿತ್ರೆಯನ್ನು ಓದುವಾಗ ನಮ್ಮ ಗಮನವೆಲ್ಲ ಅವರು ಕಂಡುಹಿಡಿದುದರ ಮೇಲೆಯೇ ನಿಂತುಬಿಡುತ್ತದೆ. ಕಂಡುಹಿಡಿದ ಮೇಲೆ ಅವರು ಏನು ಮಾಡಿದರು, ಅದರಿಂದ ಜನಕ್ಕೆ ಏನಾಯಿತು ಎಂದು ವಿಚಾರಿಸುವವರು ಕಡಿಮೆ. ಸರ್ ರೊನಾಲ್ಡ್ ರಾಸನ ಹೆಸರನ್ನು ನಾವೆಲ್ಲರೂ ಶಾಲೆಯ ಪಠ್ಯಪುಸ್ತಕದಲ್ಲಿ ಓದಿದ್ದೇವೆ. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆಂದು ತೋರಿಸಿಕೊಟ್ಟವನು, ನೊಬೆಲ್ ಬಹುಮಾನ ಪಡೆದವನು ಎಂಬ ಎರಡು ವಾಕ್ಯಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೇವೆ. ಆ ಎರಡು ವಾಕ್ಯಗಳ ಹಿಂದೆಯೂ ಮುಂದೆಯೂ ಒಂದು ದೊಡ್ಡ ಕಥೆಯಿದೆ. ಆ ಕಥೆಯ ಮುಖ್ಯವಾದ ಕೆಲವು ಅಧ್ಯಾಯಗಳು ನಡೆದದ್ದು ನಮ್ಮ ಬೆಂಗಳೂರಿನ ದಂಡಿನಲ್ಲಿ. ಹಲಸೂರಿನಲ್ಲಿ ಹುಟ್ಟಿ, ಶಿವಾಜಿನಗರದ ಬಸ್ಸು ನಿಲ್ದಾಣದ ಮೂಲಕ ದಿನವೂ ಕಾಲೇಜಿಗೆ ಬರುವ ನನಗೆ ಈ ಸಂಗತಿ ತಿಳಿದದ್ದು ತೀರ ಇತ್ತೀಚೆಗೆ. ತಿಳಿದ ಮೇಲೆ ಸಹಪಾಠಿಗಳಿಗೆ ಹೇಳದೆ ಇರಲಾರದೆ ಈ ಲೇಖನವನ್ನು ಬರೆಯುತ್ತಿದ್ದೇನೆ.

ರಾಸನು ಹುಟ್ಟಿದ್ದು ಹಿಮಾಲಯದ ತಪ್ಪಲಿನ ಅಲ್ಮೋರದಲ್ಲಿ, ೧೮೫೭ನೆಯ ಮೇ ೧೩ರಂದು. ಮೀರತ್ತಿನಲ್ಲಿ ಸಿಪಾಯಿಗಳು ದಂಗೆಯೆದ್ದು ಆಗ ಮೂರೇ ದಿನಗಳಾಗಿದ್ದವು. ತಂದೆ ಭಾರತದ ಸೈನ್ಯದಲ್ಲಿ ಅಧಿಕಾರಿ. ಆ ಕಾಲದ ಇಂಗ್ಲಿಷ್ ಮಕ್ಕಳ ಪದ್ಧತಿಯಂತೆ ಎಂಟನೆಯ ವಯಸ್ಸಿನಲ್ಲೇ ಹುಡುಗನನ್ನು ಓದಿಗಾಗಿ ಇಂಗ್ಲೆಂಡಿಗೆ ಕಳುಹಿಸಿದರು. ಅವನ ಮನಸ್ಸು ಕಾವ್ಯ, ಸಂಗೀತ, ಚಿತ್ರ, ಗಣಿತಗಳ ಕಡೆಗೆ; ತಂದೆಯ ಮನಸ್ಸು ಮಗ ವೈದ್ಯನಾಗಿ ಭಾರತದ ಸೇವೆಗೆ ಸೇರಬೇಕೆಂಬುದರ ಕಡೆಗೆ. ತಂದೆಯ ಮಾತೇ ಗೆದ್ದಿತು. ಲಂಡನ್ನಿನ ಸೇಂಟ್ ಬಾರ್ತಲೊಮ್ಯೂ ಆಸ್ಪತ್ರೆಯಲ್ಲಿ ಅರೆಮನಸ್ಸಿನಿಂದಲೇ ವೈದ್ಯವನ್ನು ಓದಿ, ಒಂದು ಪರೀಕ್ಷೆಯಲ್ಲಿ ನಪಾಸಾಗಿ, ಮತ್ತೆ ಕಟ್ಟಿ ತೇರ್ಗಡೆಯಾಗಿ, ೧೮೮೧ರಲ್ಲಿ ಆತನು ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದನು. ಮುಂದೆ ಜಗತ್ಪ್ರಸಿದ್ಧನಾದವನ ಆರಂಭ ಇಷ್ಟು ಸಾಧಾರಣವಾಗಿತ್ತೆಂಬುದು ಪರೀಕ್ಷೆಗಳಿಗೆ ಹೆದರುವ ನಮ್ಮಂಥವರಿಗೆ ಒಂದಿಷ್ಟು ಧೈರ್ಯ ಕೊಡುವ ಮಾತೇ ಸರಿ.

ಮದರಾಸು ಪ್ರಾಂತ್ಯದ ಸೇವೆಯಲ್ಲಿದ್ದ ಆತನು ೧೮೮೩ರಲ್ಲಿ ಬೆಂಗಳೂರಿಗೆ ದಂಡಿನ ವೈದ್ಯನಾಗಿ ಬಂದನು. ದಂಡು ಎಂದರೆ ಏನೆಂಬುದನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು. ೧೮೦೯ರಲ್ಲಿ ಇಂಗ್ಲಿಷರು ಶ್ರೀರಂಗಪಟ್ಟಣದಿಂದ ತಮ್ಮ ಸೈನ್ಯವನ್ನು ತಂದು ಹಲಸೂರಿನ ಬಳಿ ನೆಲೆಗೊಳಿಸಿದರು. ೧೮೮೧ರಲ್ಲಿ ಸಂಸ್ಥಾನವನ್ನು ಮೈಸೂರು ಅರಸರಿಗೆ ಹಿಂದಿರುಗಿಸಿದಾಗಲೂ ಈ ಭಾಗವನ್ನು ಮಾತ್ರ ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ತಮ್ಮ ಕೈಯಲ್ಲೇ ಉಳಿಸಿಕೊಂಡರು. ಅದು ಮೈಸೂರಿಗೆ ಮರಳಿದ್ದು ೧೯೪೭ರಲ್ಲಿ. ಒಂದೇ ಊರಿಗೆ ಎರಡು ಆಡಳಿತ: ಪಶ್ಚಿಮಕ್ಕೆ ದಿವಾನರ ಪೇಟೆ, ಪೂರ್ವಕ್ಕೆ ರೆಸಿಡೆಂಟರ ದಂಡು. ದಂಡಿನೊಳಗೂ ಎರಡು ಲೋಕಗಳಿದ್ದವು. ಒಂದು ಕಡೆ ಮರಗಳ ನೆರಳಿನಲ್ಲಿ ಸೇನಾಧಿಕಾರಿಗಳ ವಿಶಾಲವಾದ ಬಂಗಲೆಗಳು. ಇನ್ನೊಂದು ಕಡೆ, ಆಗ ಬ್ಲಾಕ್‌ಪಲ್ಲಿ ಎನಿಸಿಕೊಂಡಿದ್ದ ಇಂದಿನ ಶಿವಾಜಿನಗರದಲ್ಲೂ ಹಲಸೂರಿನಲ್ಲೂ, ದಂಡನ್ನು ನಂಬಿ ಬಂದ ವ್ಯಾಪಾರಿಗಳು, ಕೂಲಿಯವರು, ಅಡಿಗೆಯವರು, ಕುದುರೆಗಾಡಿಯವರು ವಾಸವಾಗಿದ್ದ ಇಕ್ಕಟ್ಟಾದ ಬೀದಿಗಳು.

ರಾಸನಿಗೆ ವಾಸಕ್ಕೆ ಸಿಕ್ಕಿದ್ದು ಒಂದು ಬಂಗಲೆ. ಎಲ್ಲ ಅನುಕೂಲವೂ ಇತ್ತು. ಸೊಳ್ಳೆಯ ಕಾಟವೂ ಇತ್ತು. ನೆರೆಯ ಬಂಗಲೆಗಳಿಗಿಂತ ತನ್ನಲ್ಲಿಯೇ ಅವು ಹೆಚ್ಚಾಗಿರುವುದೇಕೆಂದು ಹುಡುಕುತ್ತಾ ಹೋದಾಗ, ಕಿಟಕಿಯ ಹೊರಗೆ ಇಟ್ಟಿದ್ದ ನೀರಿನ ಬಾನಿಯೊಂದು ಕಣ್ಣಿಗೆ ಬಿತ್ತು. ಬಗ್ಗಿ ನೋಡಿದರೆ ನೀರಿನ ತುಂಬ ಸೊಳ್ಳೆಯ ಮರಿಗಳು ತೇಲುತ್ತಾ ಮುಳುಗುತ್ತಾ ಆಡುತ್ತಿದ್ದವು. ಆತನು ಬಾನಿಯನ್ನು ಬೋರಲು ಹಾಕಿಸಿದನು. ಸೊಳ್ಳೆಗಳ ಕಾಟ ಅಡಗಿತು. ಇದೇ ಉಪಾಯವನ್ನು ಅಧಿಕಾರಿಗಳ ಭೋಜನಶಾಲೆಯಲ್ಲೂ ಮಾಡೋಣವೆಂದು ಅಲ್ಲಿನ ಮೇಲ್ವಿಚಾರಣೆಯ ಅಧಿಕಾರಿಗೆ ಸೂಚಿಸಿದಾಗ, ದೇವರು ಸೃಷ್ಟಿಸಿದ ಪ್ರಾಣಿಯ ವ್ಯವಸ್ಥೆಯನ್ನು ಕೆಡಿಸಬಾರದೆಂಬ ಧಾಟಿಯಲ್ಲಿ ಆತ ಅದನ್ನು ತಳ್ಳಿಹಾಕಿದನಂತೆ. ಸೊಳ್ಳೆಗೂ ಮಲೇರಿಯಾಕ್ಕೂ ಸಂಬಂಧವಿದೆಯೆಂಬುದು ಆಗ ರಾಸನಿಗೂ ಗೊತ್ತಿರಲಿಲ್ಲ. ಆದರೆ ಈ ಸಣ್ಣ ಪ್ರಸಂಗದಲ್ಲಿ ಆತನ ಇಡೀ ಜೀವನದ ಬೀಜವಿದೆ. ಸೊಳ್ಳೆಯನ್ನು ಓಡಿಸಬೇಕಾದರೆ ನಿಂತ ನೀರನ್ನು ತೆಗೆಯಬೇಕು ಎಂಬ ಪಾಠ ಒಂದು. ತೆಗೆಯುವ ಅಧಿಕಾರವುಳ್ಳವನು ಒಪ್ಪದಿದ್ದರೆ ತಿಳಿದವನ ತಿಳಿವಳಿಕೆ ವ್ಯರ್ಥ ಎಂಬ ಪಾಠ ಇನ್ನೊಂದು.

ಮುಂದಿನ ಕೆಲವು ವರ್ಷಗಳನ್ನು ಆತನು ಬರ್ಮ, ಅಂಡಮಾನುಗಳ ಕಡೆ ಕೆಲಸ ಮಾಡುತ್ತಾ, ಪದ್ಯ ಕಾದಂಬರಿಗಳನ್ನು ಬರೆಯುತ್ತಾ ಕಳೆದನು. ೧೮೮೮ರಲ್ಲಿ ರಜೆಯ ಮೇಲೆ ಇಂಗ್ಲೆಂಡಿಗೆ ಹೋದಾಗ ಸಾರ್ವಜನಿಕ ಆರೋಗ್ಯದಲ್ಲಿ ಡಿಪ್ಲೊಮಾ ಪಡೆದನು. ಬ್ಯಾಕ್ಟೀರಿಯಾ ಶಾಸ್ತ್ರದ ಪಾಠವನ್ನೂ ಹೇಳಿಸಿಕೊಂಡನು. ಹಿಂದಿರುಗಿ ಬರ್ಮದ ನಂತರ ಮತ್ತೆ ಬೆಂಗಳೂರಿನಲ್ಲಿ ಸೇವೆ ಸಲ್ಲಿಸಿದನು. ಫ್ರೆಂಚ್ ವೈದ್ಯ ಲಾವೆರಾನ್ ೧೮೮೦ರಲ್ಲೇ ಆಲ್ಜೀರಿಯದಲ್ಲಿ ರೋಗಿಗಳ ರಕ್ತದೊಳಗೆ ಮಲೇರಿಯಾದ ಕ್ರಿಮಿಯನ್ನು ಕಂಡಿದ್ದನು. ರಾಸನಿಗೆ ಅದು ಸೂಕ್ಷ್ಮದರ್ಶಕದಲ್ಲಿ ಕಾಣಿಸಲಿಲ್ಲ. ಕಾಣಿಸದ್ದರಿಂದ ಆತನು ನಂಬಲಿಲ್ಲ. ಜ್ವರದ ಮೂಲ ಕರುಳಿನ ಕೆಡುಕಿನಲ್ಲಿದೆಯೆಂದು ಲೇಖನಗಳನ್ನೇ ಬರೆದನು. ೧೮೯೪ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ವೈದ್ಯನು ಆ ಕ್ರಿಮಿಯನ್ನು ಕಣ್ಣಾರೆ ತೋರಿಸಿ, ಅದನ್ನು ಹೊತ್ತು ತಿರುಗುವುದು ಸೊಳ್ಳೆಯಿರಬಹುದೆಂಬ ತನ್ನ ಊಹೆಯನ್ನೂ ತಿಳಿಸಿದ ಮೇಲೆ ಆತನ ಕಣ್ಣು ತೆರೆಯಿತು. ಅಲ್ಲಿಂದ ಮುಂದೆ ಆತನಿಗೆ ಬೇರೆ ಹಂಬಲವಿರಲಿಲ್ಲ.

೧೮೯೫ರಲ್ಲಿ ಸಿಕಂದರಾಬಾದಿನಲ್ಲಿ ಕೆಲಸ ಆರಂಭವಾಯಿತು. ಆದರೆ ಕೆಲವೇ ತಿಂಗಳಲ್ಲಿ, ಆ ವರ್ಷದ ಸೆಪ್ಟೆಂಬರಿನಲ್ಲಿ, ಸರ್ಕಾರವು ಆತನನ್ನು ಬೆಂಗಳೂರಿಗೆ ವರ್ಗ ಮಾಡಿತು. ದಂಡಿನಲ್ಲಿ ಕಾಲರಾ ಕಾಣಿಸಿಕೊಂಡಿತ್ತು. ಸೊಳ್ಳೆಗಳ ನಡುವೆ ಮಗ್ನನಾಗಿದ್ದವನಿಗೆ ಇದು ಅನಿಷ್ಟವಾಗಿ ತೋರಿರಬೇಕು. ನನಗೆ ಮಾತ್ರ ಆತನ ಜೀವನದಲ್ಲಿ ಇದಕ್ಕಿಂತ ಉಪಯುಕ್ತವಾದ ವರ್ಗಾವಣೆ ಇನ್ನೊಂದಿಲ್ಲವೆನಿಸುತ್ತದೆ. ಏಕೆಂದರೆ ಕಾಲರಾ ಪ್ರಯೋಗಶಾಲೆಯಲ್ಲಿ ಕುಳಿತು ಗೆಲ್ಲುವ ರೋಗವಲ್ಲ. ಅದು ಕೊಳೆ ಸೇರಿದ ನೀರಿನಿಂದ ಹರಡುತ್ತದೆ. ಲಂಡನ್ನಿನ ಜಾನ್ ಸ್ನೋ ೧೮೫೪ರಲ್ಲಿ ಮನೆಮನೆಯ ಸಾವನ್ನು ನಕ್ಷೆಯಲ್ಲಿ ಗುರುತಿಸಿ ಒಂದು ಕೊಳಾಯಿಯತ್ತ ಬೆರಳು ತೋರಿಸಿದ್ದನು. ಜರ್ಮನಿಯ ಕೋಖ್ ೧೮೮೩-೮೪ರಲ್ಲಿ ಅದರ ಕ್ರಿಮಿಯನ್ನು ಬೇರ್ಪಡಿಸಿದ್ದನು. ಬೆಂಗಳೂರು ಆಗ ಇನ್ನೂ ಕೆರೆ ಬಾವಿಗಳ ಊರು. ದಂಡಿನ ನೀರಿಗಾಗಿ ೧೮೮೨ರಲ್ಲಿ ಸ್ಯಾಂಕಿ ಕೆರೆಯನ್ನು ಕಟ್ಟಿದ್ದರೂ ಬೀದಿಗಳಲ್ಲಿ ಬಾವಿಯ ನೀರೇ ಗತಿ. ಹೆಸರಘಟ್ಟದಿಂದ ಅರ್ಕಾವತಿಯ ನೀರನ್ನು ಕೊಳವೆಯಲ್ಲಿ ತರುವ ಕೆಲಸ ೧೮೯೪ರಲ್ಲಿ ಆರಂಭವಾಗಿ, ನೀರು ಊರಿಗೆ ಮುಟ್ಟಿದ್ದು ೧೮೯೬ರಲ್ಲಿ. ಸೇದುವ ಬಾವಿಯ ಮಗ್ಗುಲಲ್ಲೇ ಬಚ್ಚಲಿನ ಚರಂಡಿ ಹರಿಯುವ ಕಡೆ ಯಾವ ಔಷಧ ತಾನೇ ಎಷ್ಟು ದಿನ ಕಾಪಾಡೀತು?

ಹೀಗಾಗಿ ರಾಸನಿಗೆ ಒಪ್ಪಿಸಿದ ಕೆಲಸ ರೋಗಿಗೆ ಮದ್ದು ಕೊಡುವುದಕ್ಕೆ ಮುಗಿಯಲಿಲ್ಲ. ನೀರು, ಚರಂಡಿ, ಕಸ, ನೈರ್ಮಲ್ಯ ಇಲಾಖೆಯ ನಡವಳಿಕೆ, ನಿಯಮಗಳು, ಎಲ್ಲವನ್ನೂ ಆತನು ಪರಿಶೀಲಿಸಬೇಕಾಯಿತು. ದಂಡಿನ ಕಾಲರಾ, ಸಾಮಾನ್ಯ ನೈರ್ಮಲ್ಯ, ನೈರ್ಮಲ್ಯ ಇಲಾಖೆ ಮತ್ತು ಅದರ ನಿಬಂಧನೆಗಳ ಮೇಲೆ ೧೮೯೬ರಲ್ಲಿ ಒಂದು ವರದಿಯನ್ನು ಬರೆದನು. ಬಂಗಲೆಯ ಬಾನಿಯನ್ನು ಕಂಡಿದ್ದ ಕಣ್ಣು ಈಗ ಬೀದಿಯನ್ನು ಕಂಡಿತು. ಒಬ್ಬ ರೋಗಿಯನ್ನು ಗುಣಪಡಿಸುವುದು ಬೇರೆ, ಒಂದು ಬೀದಿಗೆ ರೋಗವೇ ಬಾರದಂತೆ ನೋಡಿಕೊಳ್ಳುವುದು ಬೇರೆ. ಎರಡನೆಯದಕ್ಕೆ ವೈದ್ಯನೊಬ್ಬನೇ ಸಾಲನು. ಚರಂಡಿ ತೋಡುವವನು, ಲೆಕ್ಕ ಬರೆಯುವವನು, ಹಣ ಮಂಜೂರು ಮಾಡುವವನು, ಬಾಗಿಲು ತೆರೆದು ಒಳಗೆ ಬಿಡುವ ಮನೆಯಾಕೆ, ಎಲ್ಲರೂ ಬೇಕು.

ಈ ಕೆಲಸದ ನಡುವೆಯೂ ಸೊಳ್ಳೆಯ ಪ್ರಯೋಗ ನಿಲ್ಲಲಿಲ್ಲ. ಇಲ್ಲಿ ನಾವು ನೆನೆಯಬೇಕಾದ ಒಂದು ಹೆಸರಿದೆ. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯನ್ನು ಅರಿಯದ ಬೆಂಗಳೂರಿನವರಿಲ್ಲ. ಅಲ್ಲಿ ಸಹಾಯಕ ವೈದ್ಯರಾಗಿದ್ದ ಅಪ್ಪಯ್ಯ ಎಂಬವರು, ಮಲೇರಿಯಾ ರೋಗಿಯ ರಕ್ತ ಕುಡಿದಿದ್ದ ಸೊಳ್ಳೆಗಳಿಂದ ತಮ್ಮನ್ನು ಕಚ್ಚಿಸಿಕೊಳ್ಳಲು ಮುಂದೆ ಬಂದರು. ಅವರಿಗೆ ಜ್ವರ ಬರಲಿಲ್ಲ. ಪ್ರಯೋಗಕ್ಕೆ ಆರಿಸಿದ್ದ ಸೊಳ್ಳೆಯ ಜಾತಿಯೇ ಬೇರೆಯಾಗಿತ್ತೆಂಬುದು ಆಮೇಲೆ ತಿಳಿದ ವಿಷಯ. ಜಾತಿ ಸರಿಯಾಗಿದ್ದಿದ್ದರೆ ಏನಾಗುತ್ತಿತ್ತೆಂಬುದನ್ನು ವೈದ್ಯರಾಗಿದ್ದ ಅವರು ಅರಿಯದವರಲ್ಲ. ರಾಸನು ತನ್ನ ನೊಬೆಲ್ ಉಪನ್ಯಾಸದಲ್ಲಿ ಅವರ ಹೆಸರನ್ನು ಸ್ಮರಿಸಿದ್ದಾನೆ, ನಾವು ಮರೆತಿದ್ದೇವೆ.

೧೮೯೭ರ ಬೇಸಿಗೆಯಲ್ಲಿ ಬೆಂಗಳೂರನ್ನು ಬಿಟ್ಟು ನೀಲಗಿರಿಗೆ ಹೋದ ರಾಸನಿಗೆ ಸಿಗೂರು ಘಟ್ಟದಲ್ಲಿ ಸ್ವತಃ ಮಲೇರಿಯಾ ತಗುಲಿತು. ಜೂನ್ ತಿಂಗಳಲ್ಲಿ ಸಿಕಂದರಾಬಾದಿಗೆ ಮರಳಿ, ಸೆಕೆಯಲ್ಲಿ ಬೆವರುತ್ತಾ, ಒಂದೊಂದೇ ಸೊಳ್ಳೆಯನ್ನು ಸೀಳಿ ನೋಡತೊಡಗಿದನು. ರೆಕ್ಕೆಯ ಮೇಲೆ ಚುಕ್ಕೆಗಳುಳ್ಳ ಹೊಸ ಜಾತಿಯ ಕೆಲವು ಸೊಳ್ಳೆಗಳು ಸಿಕ್ಕವು. ಹುಸೇನ್ ಖಾನ್ ಎಂಬ ಬಡ ರೋಗಿಯು ಕಚ್ಚಿದ ಸೊಳ್ಳೆಗೆ ಒಂದಾಣೆಯಂತೆ ಪಡೆದು ಅವುಗಳಿಗೆ ತನ್ನ ರಕ್ತವನ್ನು ಕೊಟ್ಟನು. ಆಗಸ್ಟ್ ೨೦ರಂದು ಅಂಥ ಒಂದು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾ ಕ್ರಿಮಿ ಬೆಳೆಯುತ್ತಿರುವುದನ್ನು ರಾಸನು ಕಂಡನು. ಇಂದಿಗೂ ಆ ದಿನವನ್ನು ವಿಶ್ವ ಸೊಳ್ಳೆ ದಿನವೆಂದು ಆಚರಿಸುತ್ತಾರೆ. ಆದರೆ ಕೆಲಸ ಮುಗಿಯುವ ಮುಂಚೆಯೇ ಸರ್ಕಾರವು ಆತನನ್ನು ರಜಪೂತಾನದ ಖೇರ್ವಾಡಕ್ಕೆ ಕಳುಹಿಸಿತು. ಅಲ್ಲಿ ಮಲೇರಿಯಾವೇ ವಿರಳ. ಮರುವರ್ಷ ಕಲ್ಕತ್ತೆಯಲ್ಲಿ, ಮಹಮ್ಮದ್ ಬಕ್ಷ್ ಎಂಬ ನಿಷ್ಠಾವಂತ ಸಹಾಯಕನ ನೆರವಿನಿಂದ, ಹಕ್ಕಿಗಳ ಮಲೇರಿಯಾವನ್ನು ಹಿಡಿದು ಪೂರ್ತಿ ಚಕ್ರವನ್ನು ಬಿಡಿಸಿದನು. ಕ್ರಿಮಿಯು ಸೊಳ್ಳೆಯ ಹೊಟ್ಟೆಯಿಂದ ಜೊಲ್ಲಿನ ಗ್ರಂಥಿಗೆ ಬಂದು, ಕಚ್ಚಿದಾಗ ಆರೋಗ್ಯವಂತ ಗುಬ್ಬಚ್ಚಿಯ ಮೈ ಸೇರುವುದನ್ನು ೧೮೯೮ರ ಜುಲೈ ತಿಂಗಳಲ್ಲಿ ತೋರಿಸಿದನು. ಮನುಷ್ಯನ ಮಲೇರಿಯಾವನ್ನು ಹರಡುವುದು ಅನಾಫಿಲಿಸ್ ಜಾತಿಯೆಂದು ಇಟಲಿಯ ಗ್ರಾಸಿ ಮತ್ತು ಆತನ ಸಂಗಡಿಗರು ಅದೇ ವರ್ಷದ ಕೊನೆಯಲ್ಲಿ ಸ್ಥಾಪಿಸಿದರು. ಯಾರು ಮೊದಲು ಎಂಬ ಜಗಳ ಇಬ್ಬರ ನಡುವೆ ಬದುಕಿರುವವರೆಗೂ ಆರಲಿಲ್ಲ.

ಪಠ್ಯಪುಸ್ತಕ ಇಲ್ಲಿಗೆ ನಿಲ್ಲುತ್ತದೆ. ರಾಸನು ನಿಲ್ಲಲಿಲ್ಲ. ೧೮೯೯ರಲ್ಲಿ ಭಾರತದ ಸೇವೆಯನ್ನು ಬಿಟ್ಟು, ಹಿಂದಿನ ವರ್ಷವಷ್ಟೇ ಸ್ಥಾಪನೆಯಾಗಿದ್ದ ಲಿವರ್‌ಪೂಲಿನ ಉಷ್ಣವಲಯ ವೈದ್ಯಶಾಲೆಗೆ ಉಪನ್ಯಾಸಕನಾಗಿ ಸೇರಿ, ೧೯೦೨ರಲ್ಲಿ ಪ್ರಾಧ್ಯಾಪಕನಾದನು. ನೊಬೆಲ್ ಬಹುಮಾನ ಬಂದದ್ದೂ ಅದೇ ವರ್ಷ. ಪ್ರಾಧ್ಯಾಪಕನೆಂದರೆ ಗ್ರಂಥಾಲಯದಲ್ಲಿ ಕುಳಿತವನಲ್ಲ. ಸೇರಿದ ವರ್ಷವೇ ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನಿಗೆ ಹೋದನು; ಸೊಳ್ಳೆ ಪಡೆಗಳನ್ನು ಹೇಗೆ ಕಟ್ಟಬೇಕೆಂಬುದರ ಮೇಲೆ ೧೯೦೨ರಲ್ಲಿ ಒಂದು ಪುಸ್ತಕವನ್ನೇ ಬರೆದನು. ಪಡೆ ಎಂದರೆ ಬಂದೂಕಿನ ಪಡೆಯಲ್ಲ. ಒಬ್ಬ ಮೇಲ್ವಿಚಾರಕ, ಕೆಲವು ಕೂಲಿಯಾಳುಗಳು, ಗುದ್ದಲಿ, ಬುಟ್ಟಿ, ಎಣ್ಣೆಯ ಡಬ್ಬ. ಮನೆಮನೆಗೆ ಹೋಗಿ ಒಡೆದ ಮಡಕೆ, ಹಳೆಯ ಡಬ್ಬಗಳನ್ನು ತೆಗೆಯುವುದು, ಗುಂಡಿ ಮುಚ್ಚುವುದು, ಮುಚ್ಚಲಾಗದ ನೀರಿಗೆ ಎಣ್ಣೆ ಬಿಡುವುದು, ಇಷ್ಟೇ ಅವರ ಕೆಲಸ. ಬೆಂಗಳೂರಿನ ಬಾನಿಯನ್ನು ಆತನು ಲೋಕಕ್ಕೆಲ್ಲ ಬೋರಲು ಹಾಕಲು ಹೊರಟಿದ್ದನು. ೧೯೦೨ರಲ್ಲಿ ಸೂಯೆಜ್ ಕಾಲುವೆ ಕಂಪನಿಯವರು ಆತನನ್ನು ಈಜಿಪ್ಟಿನ ಇಸ್ಮಾಯಿಲಿಯ ಪಟ್ಟಣಕ್ಕೆ ಕರೆಸಿದರು. ಅದಕ್ಕೆ ಮುಂಚೆ ಅಲ್ಲಿ ವರ್ಷಕ್ಕೆ ಒಂದೂವರೆ ಸಾವಿರಕ್ಕೂ ಹೆಚ್ಚು ಮಂದಿ ಮಲೇರಿಯಾದಿಂದ ನರಳುತ್ತಿದ್ದರು. ೧೯೦೩ರಲ್ಲಿ ಆ ಸಂಖ್ಯೆ ಸುಮಾರು ಇನ್ನೂರಕ್ಕೆ ಇಳಿಯಿತು, ಮುಂದಿನ ವರ್ಷಗಳಲ್ಲಿ ಇನ್ನೂ ಇಳಿಯಿತು.

ಎಲ್ಲ ಕಡೆಯೂ ಹೀಗಾಗಲಿಲ್ಲ. ಲಾಹೋರಿನ ಬಳಿಯ ಮಿಯಾನ್ ಮೀರ್ ಎಂಬ ದಂಡಿನಲ್ಲಿ ಇದೇ ಸಮಯದಲ್ಲಿ ಸರ್ಕಾರವು ಸೊಳ್ಳೆ ನಿವಾರಣೆಯನ್ನು ಪರೀಕ್ಷಿಸಿ, ಪ್ರಯೋಜನವಿಲ್ಲವೆಂಬ ತೀರ್ಮಾನಕ್ಕೆ ಬಂದಿತು. ಈ ತೀರ್ಮಾನದಿಂದ ಭಾರತದಲ್ಲಿ ಆ ಕೆಲಸಕ್ಕೆ ಬಹು ಕಾಲ ಹಿನ್ನಡೆಯಾಯಿತು. ರಾಸನು ಇದನ್ನು ಉಗ್ರವಾಗಿ ಖಂಡಿಸಿದನು. ಚಿಕ್ಕ ಪ್ರದೇಶದಲ್ಲಿ ಮಾತ್ರ ಸೊಳ್ಳೆಯನ್ನು ತೆಗೆದರೆ ಸುತ್ತಣಿಂದ ಹೊಸ ಸೊಳ್ಳೆಗಳು ಹಾರಿಬಂದೇ ಬರುತ್ತವೆ. ಸೊಳ್ಳೆ ಎಷ್ಟು ದೂರ ಹೋಗಬಲ್ಲದು, ಎಷ್ಟು ಅಗಲ ಶುಚಿಮಾಡಿದರೆ ನಡುವಿನವರಿಗೆ ರಕ್ಷಣೆ, ಇವನ್ನು ಆತನು ಲೆಕ್ಕ ಹಾಕಿ ತೋರಿಸಿದನು. ಬಾಲ್ಯದ ಗಣಿತಪ್ರೀತಿ ಈಗ ಕೆಲಸಕ್ಕೆ ಬಂತು. ೧೯೦೭-೦೮ರಲ್ಲಿ ಮಾರಿಷಸ್ ದ್ವೀಪಕ್ಕೆ ಹೋಗಿ ಬಂದ ಮೇಲೆ ಬರೆದ ವರದಿಯಲ್ಲೂ, ೧೯೧೦ರಲ್ಲಿ ಪ್ರಕಟವಾದ ಮಲೇರಿಯಾ ನಿವಾರಣೆಯನ್ನು ಕುರಿತ ಗ್ರಂಥದಲ್ಲೂ ಈ ಲೆಕ್ಕವನ್ನು ಬೆಳೆಸಿದನು. ಒಂದು ಊರಿನಲ್ಲಿ ಮಲೇರಿಯಾ ನಿಲ್ಲಬೇಕಾದರೆ ಕೊನೆಯ ಸೊಳ್ಳೆಯನ್ನೂ ಕೊಲ್ಲಬೇಕಾಗಿಲ್ಲ; ಜನಸಂಖ್ಯೆಗೆ ಹೋಲಿಸಿದಾಗ ಅವುಗಳ ಸಂಖ್ಯೆ ಒಂದು ಮಟ್ಟಕ್ಕಿಂತ ಕೆಳಗೆ ಇಳಿದರೆ ಸಾಕು, ರೋಗವು ತಾನಾಗಿಯೇ ನಂದುತ್ತದೆ. ಇಂದು ಸಾಂಕ್ರಾಮಿಕ ರೋಗಗಳ ಏರಿಳಿತವನ್ನು ಲೆಕ್ಕ ಹಾಕುವ ಶಾಸ್ತ್ರಕ್ಕೆ ಇದು ಒಂದು ಮೂಲ. ಇದರಲ್ಲಿ ಬರಿಯ ಗಣಿತವಲ್ಲದೆ ಒಂದು ಆಶ್ವಾಸನೆಯೂ ಇದೆ: ಪೂರ್ತಿ ಮಾಡಲಾಗದೆಂದು ಕೈಕಟ್ಟಿ ಕೂರಬೇಕಾಗಿಲ್ಲ, ಸಾಕಷ್ಟು ಮಂದಿ ಸಾಕಷ್ಟು ಮಾಡಿದರೆ ಉಳಿದವರಿಗೂ ರಕ್ಷಣೆಯುಂಟು.

ಆತನ ಗುಣದಲ್ಲಿ ಕೊರತೆಗಳಿರಲಿಲ್ಲವೆಂದು ನಾನು ಹೇಳಲಾರೆ. ಮುಂಗೋಪಿ, ಗುರುವಾದ ಮ್ಯಾನ್ಸನ್ನನ ಸಂಗಡವೂ ಕೊನೆಗೆ ಮನಸ್ತಾಪ ಮಾಡಿಕೊಂಡನು. ೧೯೧೧ರಲ್ಲಿ ಸರ್ ಪದವಿ ಬಂದಿತು; ಆದರೂ ದೇಶ ತನಗೆ ತಕ್ಕ ಪ್ರತಿಫಲ ಕೊಡಲಿಲ್ಲವೆಂಬ ಕೊರಗು ಹೋಗಲಿಲ್ಲ. ೧೯೨೮ರಲ್ಲಿ ತನ್ನ ಕಾಗದಪತ್ರಗಳನ್ನೇ ಮಾರಿದನು. ಬಡ ರೋಗಿಗೆ ಆಣೆ ಕೊಟ್ಟು ಸೊಳ್ಳೆ ಕಚ್ಚಿಸುವ ಪ್ರಯೋಗಕ್ಕೆ ಇಂದು ಯಾವ ಆಸ್ಪತ್ರೆಯೂ ಒಪ್ಪಿಗೆ ಕೊಡದು. ಎಲ್ಲಕ್ಕಿಂತ ಮುಖ್ಯವಾಗಿ, ಆತನ ಯೋಜನೆಯಲ್ಲಿ ಆಜ್ಞೆ ಮೇಲಿನಿಂದ ಬರುತ್ತದೆ, ಜನ ಕೆಳಗಿರುತ್ತಾರೆ. ಆಳುವ ಜನಾಂಗದ ಅಧಿಕಾರಿಗೆ ಅದು ಸಹಜವೂ ಆಗಿತ್ತು. ಲಂಡನ್ನಿನಲ್ಲಿ ಆತನ ಹೆಸರಿನ ಸಂಸ್ಥೆಯೊಂದು ೧೯೨೬ರಲ್ಲಿ ತೆರೆಯಿತು. ಅಲ್ಲಿಯೇ, ೧೯೩೨ನೆಯ ಸೆಪ್ಟೆಂಬರ್ ೧೬ರಂದು, ಆತನು ತೀರಿಕೊಂಡನು.

ಈ ಜೀವನದಿಂದ ದಂಡಿನ ನಿವಾಸಿಗಳಾದ ನಾವು ಕಲಿಯುವುದೇನು? ಕಳೆದ ಮಳೆಗಾಲದಲ್ಲಿ ರಾಷ್ಟ್ರೀಯ ಸೇವಾ ಯೋಜನೆಯ ಪರವಾಗಿ ನಾವು ಕೆಲವರು ಆಶಾ ಕಾರ್ಯಕರ್ತೆಯರ ಜೊತೆಯಲ್ಲಿ ಹಲಸೂರಿನ ಕೆಲವು ಗಲ್ಲಿಗಳನ್ನು ಸುತ್ತಿದೆವು. ೨೦೨೪ರಲ್ಲಿ ಕರ್ನಾಟಕ ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದು ವಾಚಕರಿಗೆ ನೆನಪಿರಬಹುದು. ಡೆಂಗಿಯನ್ನು ಹರಡುವ ಈಡಿಸ್ ಸೊಳ್ಳೆ ಮನೆಯೊಳಗೆ ಶೇಖರಿಸಿದ ನೀರಿನಲ್ಲೇ ಮೊಟ್ಟೆಯಿಡುತ್ತದೆ. ನಗರದ ಮಲೇರಿಯಾ ಸೊಳ್ಳೆಗೂ ಬಾವಿ, ಮಾಳಿಗೆಯ ಟ್ಯಾಂಕುಗಳೇ ಇಷ್ಟ. ಒಂದು ವಠಾರದ ಬಾಗಿಲಲ್ಲಿ ಸಾಲಾಗಿ ನೀಲಿ ಡ್ರಮ್ಮುಗಳು. ಟಾರ್ಚು ಬಿಟ್ಟು ನೋಡಿದರೆ ಮರಿಗಳು. ನೀರನ್ನು ಚೆಲ್ಲಬೇಕೆಂದು ಕಾರ್ಯಕರ್ತೆ ಹೇಳಿದಾಗ ಅಲ್ಲಿದ್ದ ಅಜ್ಜಿ ಕೋಪಿಸಿಕೊಳ್ಳಲಿಲ್ಲ. ನಲ್ಲಿಯಲ್ಲಿ ನೀರು ಇನ್ನು ನಾಡಿದ್ದೇ ಬರುವುದು, ಚೆಲ್ಲಿದರೆ ನಾಳೆ ಮಕ್ಕಳಿಗೆ ಏನು ಮಾಡಲಿ ಎಂದು ಮೆಲ್ಲಗೆ ಕೇಳಿದರು. ಕಾರ್ಯಕರ್ತೆಗೆ ಈ ಪ್ರಶ್ನೆ ಹೊಸದಲ್ಲ. ಆಕೆ ಒಂದು ಹಳೆಯ ಪಂಚೆಯನ್ನು ಕೇಳಿ ಪಡೆದು, ನೀರನ್ನು ಅದರ ಮೂಲಕ ಇನ್ನೊಂದು ಪಾತ್ರೆಗೆ ಸೋಸಿದರು. ಡ್ರಮ್ಮಿನ ಒಳಗೋಡೆಯನ್ನು ನಾರಿನಿಂದ ಉಜ್ಜಿಸಿದರು, ಏಕೆಂದರೆ ಮೊಟ್ಟೆಗಳು ಅಂಟಿರುವುದು ಅಲ್ಲಿ. ಮತ್ತೆ ನೀರು ತುಂಬಿಸಿ, ಅದೇ ಪಂಚೆಯನ್ನು ಬಾಯಿಗೆ ಬಿಗಿಯಾಗಿ ಕಟ್ಟಿದರು. ಒಂದು ತಂಬಿಗೆ ನೀರೂ ನಷ್ಟವಾಗಲಿಲ್ಲ.

ರಾಸನ ಬಾನಿಗೂ ಆ ಅಜ್ಜಿಯ ಡ್ರಮ್ಮಿಗೂ ಇರುವ ವ್ಯತ್ಯಾಸ ನನಗೆ ಆಗ ಹೊಳೆಯಿತು. ರಾಸನಿಗೆ ಬಾನಿಯ ನೀರು ಬೇಕಾಗಿರಲಿಲ್ಲ. ಬೋರಲು ಹಾಕಿಸಲು ಆಳುಗಳಿದ್ದರು. ಅಜ್ಜಿಯ ಡ್ರಮ್ಮು ನಾಳೆಯ ಅನ್ನ, ನಾಳೆಯ ಸ್ನಾನ. ಬಾನಿಯನ್ನು ಬೋರಲು ಹಾಕಿರೆಂದು ಹೇಳುವುದು ಸುಲಭ. ಬಾನಿಯೇ ಬೇಕಾಗದಂತೆ ದಿನವೂ ನೀರು ಬರುವ ಹಾಗೆ ಮಾಡುವುದು ಕಷ್ಟ. ಈ ಕಷ್ಟದ ಕೆಲಸವೇ ನಿಜವಾದ ಸಾರ್ವಜನಿಕ ಆರೋಗ್ಯ. ೧೮೯೫ರಲ್ಲಿ ಕಾಲರಾದ ಬೆನ್ನು ಹತ್ತಿ ದಂಡಿನ ನೀರು ಚರಂಡಿಗಳನ್ನು ಪರಿಶೀಲಿಸಿದ ರಾಸನಿಗೆ ಅದರ ಅರಿವು ಇಲ್ಲದಿರಲಿಲ್ಲ. ಅದು ಆಗುವವರೆಗೆ ನಮ್ಮನ್ನು ಕಾಯುತ್ತಿರುವುದು, ಮನೆಯವರ ಕಷ್ಟವನ್ನು ಕೇಳಿ ತಿಳಿದು ಪಂಚೆ ಕಟ್ಟುವ ಆ ಕೈಗಳೇ. ರಾಸನ ಪಡೆಯಲ್ಲಿ ಇಲ್ಲದಿದ್ದ ಒಂದು ಗುಣ ಆ ಕೈಗಳಲ್ಲಿದೆ: ಅವು ಅದೇ ಬೀದಿಯ ಕೈಗಳು.

ನಮ್ಮ ಕಾಲೇಜಿನಲ್ಲಿ ವಿಜ್ಞಾನದ ವಿಭಾಗವಿಲ್ಲ. ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳನ್ನು ಓದುವ ನಮಗೂ ಮಲೇರಿಯಾಕ್ಕೂ ಏನು ಸಂಬಂಧವೆಂದು ಗೆಳೆಯರು ಕೇಳಬಹುದು. ಸೊಳ್ಳೆಯ ಹೊಟ್ಟೆಯಲ್ಲಿ ಏನಿದೆಯೆಂಬುದು ೧೮೯೭ರಲ್ಲೇ ತಿಳಿದುಹೋಯಿತು. ನೀರು ಯಾವ ಬೀದಿಗೆ ದಿನವೂ ಬರುತ್ತದೆ, ಯಾವ ಬೀದಿಗೆ ಬರುವುದಿಲ್ಲ, ಏಕೆ ಎಂಬುದನ್ನು ವಿಚಾರಿಸಬೇಕಾದವರು ನಾವೇ. ಅಪ್ಪಯ್ಯನವರ ಹೆಸರನ್ನೂ ಹುಸೇನ್ ಖಾನನ ಹೆಸರನ್ನೂ ಹಳೆಯ ಪುಟಗಳಿಂದ ಹೊರತೆಗೆದು ಹೇಳಬೇಕಾದವರೂ ನಾವೇ. ಅಷ್ಟನ್ನು ಮಾಡಿದರೆ, ಕಲಾ ವಿದ್ಯಾರ್ಥಿಗಳಾದ ನಾವೂ ರಾಸನು ಅರ್ಧಕ್ಕೆ ಬಿಟ್ಟುಹೋದ ಕೆಲಸದಲ್ಲಿ ಒಂದು ಪಾಲನ್ನು ಹೊತ್ತಂತಾಗುತ್ತದೆ.